ಹುಳುಕಡ್ಡಿಗೆ ಸೊಪ್ಪು, ಎಣ್ಣೆ, ಬೆಳ್ಳುಳ್ಳಿ: ನಿಜವಾಗಿ ಪುರಾವೆ ಇರುವುದು ಯಾವುದಕ್ಕೆ?

ತೊಡೆಸಂದಿ_ತೊಂದರೆ

ಹೆಸರು ನೋಡಿ ನಗಬೇಡಿ, ಇದನ್ನು ಕೇಳೋಕೆ ಅಂತಲೇ ಬೇರೆ ಅಕೌಂಟ್ ಮಾಡಿದ್ದೇನೆ. ತೊಡೆಸಂದಿಯಲ್ಲೂ ಬೆಲ್ಟ್ ಕೂರುವ ಜಾಗದಲ್ಲೂ ಉಂಗುರದ ಹಾಗೆ ಕೆಂಪು ಕಲೆ, ಅಂಚಿನಲ್ಲಿ ಹೊಟ್ಟು, ನಿದ್ದೆ ಕೆಡಿಸುವ ತುರಿಕೆ. ಹುಳುಕಡ್ಡಿ ಅಂತ ಯಾರು ನೋಡಿದರೂ ಹೇಳುತ್ತಾರೆ. ನಮ್ಮ ಅತ್ತೆ ಉಡುಪಿ ಕಡೆಯವರು. ತಜಂಕ್ ಸೊಪ್ಪು, ಅಂದರೆ ನಿಮ್ಮ ತಗಚೆ, ನಿಂಬೆರಸದಲ್ಲಿ ಅರೆದು ಹಚ್ಚಿ, ಹೋಗುತ್ತೆ ಅಂತಾರೆ. ಆಫೀಸಿನಲ್ಲಿ ಒಬ್ಬ ಟೀ ಟ್ರೀ ಎಣ್ಣೆಯ ಭಕ್ತ. ಯೂಟ್ಯೂಬ್ ತೆಗೆದರೆ ಬೆಳ್ಳುಳ್ಳಿ, ಅರಿಶಿನ, ಬೇವು, ಕೊಬ್ಬರಿ ಎಣ್ಣೆ, ಎಲ್ಲದಕ್ಕೂ "ವೈಜ್ಞಾನಿಕವಾಗಿ ಸಾಬೀತು" ಅಂತ ಬೋರ್ಡು.

ನನಗೆ ಬೈಗುಳ ಬೇಡ, ಭಕ್ತಿಯೂ ಬೇಡ. ಇವುಗಳಲ್ಲಿ ಯಾವುದನ್ನು ಮನುಷ್ಯರ ಮೈಮೇಲೆ ಸರಿಯಾಗಿ ಪರೀಕ್ಷೆ ಮಾಡಿದ್ದಾರೆ, ಏನಾಯಿತು? ಗೊತ್ತಿರುವವರು ಹೇಳಿ.

ಗೋರಂಟಿ

ನಮ್ಮದು ತೀರ್ಥಹಳ್ಳಿ ಹತ್ತಿರ. ನಾಟಿ ಸಮಯದಲ್ಲಿ ಇಡೀ ದಿನ ಕೆಸರಲ್ಲಿ ನಿಂತು ಹೆಂಗಸರ ಕಾಲ್ಬೆರಳ ಸಂದಿಯೆಲ್ಲ ಬೆಳ್ಳಗಾಗಿ, ಒಡೆದು, ಕೆಸರುಹುಣ್ಣಾಗುತ್ತಿತ್ತು. ಸಂಜೆ ಕಾಲು ತೊಳೆದು, ಒರೆಸಿ, ಗೋರಂಟಿ ಸೊಪ್ಪು ಅರೆದು ಬೆರಳ ಸಂದಿಗೆ ಮೆತ್ತಿಕೊಂಡು ಮಲಗುತ್ತಿದ್ದರು. ಅದು ಅಲಂಕಾರಕ್ಕಲ್ಲ, ಮಾರನೇ ದಿನ ಮತ್ತೆ ಗದ್ದೆಗೆ ಇಳಿಯಬೇಕಲ್ಲ ಅದಕ್ಕೆ. ಈಗಲೂ ಮಾಡುತ್ತಾರೆ. ಪೇಪರ್ ಬರೆಯುವವರು ಯಾರೂ ಗದ್ದೆಗೆ ಇಳಿದಿಲ್ಲ ಅಂತ ಮಾತ್ರಕ್ಕೆ ಅದು ಸುಳ್ಳಾಗುತ್ತಾ?

ಪೆಟ್ರಿಡಿಶ್

ಮೈಕ್ರೋಬಯಾಲಜಿ ಓದಿದವನು ನಾನು, ಇಂಥ ಪರೀಕ್ಷೆಗಳನ್ನು ಕೈಯಾರೆ ಮಾಡಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಈ "ಸಾಬೀತು" ಹುಟ್ಟುವುದು ಎಲ್ಲಿ ಅಂತ ನೋಡಿ. ಸಬೌರಾಡ್ ಅಗಾರ್ ಅಂತ ಒಂದು ಇದೆ, ಪೆಪ್ಟೋನ್ ಮತ್ತು ಡೆಕ್ಸ್ಟ್ರೋಸ್ ಹಾಕಿ ಗಟ್ಟಿ ಮಾಡಿದ ಜೆಲ್ಲಿ. ಬಿಸಿ ಇರುವಾಗ ಪ್ಲೇಟಿಗೆ ಸುರಿದು ಆರಿಸುತ್ತೇವೆ. ಅದರ ಮೇಲೆ ಫಂಗಸ್ಸಿನ ಬೀಜಕಣ ಸವರುತ್ತೇವೆ. ಸಣ್ಣ ಕೊಳವೆಯಿಂದ 6 ಮಿಲಿಮೀಟರ್ ಅಗಲದ ಗುಂಡಿ ತೋಡಿ, ಅದರೊಳಗೆ ಸೊಪ್ಪಿನ ಸಾರ ಬಿಡುತ್ತೇವೆ. ಈ ಸಾರ ಮನೆಯ ಒರಳಲ್ಲಿ ಅರೆದದ್ದಲ್ಲ. ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಹಾಕಿ, ಆವಿ ಮಾಡಿ ಉಳಿದ ಅಂಟು. ಆಮೇಲೆ ಇನ್‌ಕ್ಯುಬೇಟರ್‌ನಲ್ಲಿ ಇಟ್ಟು ಕಾಯುವುದು. ಹುಳುಕಡ್ಡಿ ಫಂಗಸ್ ನಿಧಾನ, ಒಂದು ವಾರವೋ ಜಾಸ್ತಿಯೋ ಬೇಕು. ಗುಂಡಿಯ ಸುತ್ತ ಫಂಗಸ್ ಬೆಳೆಯದೆ ಬೋಳಾಗಿ ಉಳಿದ ಜಾಗವನ್ನು ಸ್ಕೇಲ್ ಇಟ್ಟು ಅಳೆಯುತ್ತೇವೆ. ಇಷ್ಟು ಎಂಎಂ ಬಂತು, ಪೇಪರ್ ಆಯಿತು, ಡಿಗ್ರಿ ಬಂತು.

ಈ ಪರೀಕ್ಷೆಯಲ್ಲಿ ಪಾಸಾಗದ ಗಿಡ ಸಿಗುವುದೇ ಕಷ್ಟ. ಬೇವು ಪಾಸು, ಅರಿಶಿನ ಪಾಸು, ಲವಂಗ ಪಾಸು, ಹೊಂಗೆ ಪಾಸು, ವೀಳ್ಯದೆಲೆ ಪಾಸು. ಗಿಡಗಳಿಗೂ ಫಂಗಸ್ ಹಿಡಿಯುತ್ತೆ, ಅದರ ವಿರುದ್ಧ ಅವು ಕೋಟಿಗಟ್ಟಲೆ ವರ್ಷದಿಂದ ರಾಸಾಯನಿಕ ತಯಾರು ಮಾಡಿಕೊಂಡು ಬಂದಿವೆ. ಹಾಗಾಗಿ ಪ್ಲೇಟಿನಲ್ಲಿ ಕೊಲ್ಲುವುದು ದೊಡ್ಡ ಸಂಗತಿ ಅಲ್ಲ. ನಿಮ್ಮ ಚರ್ಮದ ಮೇಲಿನ ಸತ್ತ ಪದರದೊಳಗೆ ಫಂಗಸ್ ಎಳೆ ಎಳೆಯಾಗಿ ಬೆಳೆದಿರುತ್ತೆ, ಅಲ್ಲಿಗೆ ಔಷಧಿ ಇಳಿಯಬೇಕು, ಸಾಕಷ್ಟು ಹೊತ್ತು ನಿಲ್ಲಬೇಕು, ಚರ್ಮವನ್ನು ಸುಡಬಾರದು. ಇದ್ಯಾವುದನ್ನೂ ಆ ಗುಂಡಿ ಹೇಳುವುದಿಲ್ಲ.

ಗೋರಂಟಿ ಅಕ್ಕ, ನಿಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ. ಗೋರಂಟಿಯ ಬಣ್ಣಕ್ಕೆ ಕಾರಣವಾದ ಲಾಸೋನ್ ಪ್ಲೇಟಿನಲ್ಲಿ ಫಂಗಸ್ ತಡೆಯುತ್ತೆ, ಅದು ನಿಜ. ಆದರೆ ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ. ಕಾಲು ತೊಳೆದರು, ಒರೆಸಿದರು, ರಾತ್ರಿಯಿಡೀ ಒಣಗಿದ ಕಾಲಲ್ಲಿ ಮಲಗಿದರು. ಬೆರಳ ಸಂದಿಯ ಹುಣ್ಣಿಗೆ ಒಣಗಿರುವುದೇ ಅರ್ಧ ಔಷಧಿ. ಕೆಸರುಹುಣ್ಣೆಲ್ಲ ಫಂಗಸ್ ಕೂಡ ಅಲ್ಲ, ಎಷ್ಟೋ ಸಲ ಬರೀ ನೀರಲ್ಲಿ ನೆನೆದು ಒಡೆದದ್ದು, ಬ್ಯಾಕ್ಟೀರಿಯಾ ಸೇರಿಕೊಂಡದ್ದು. ಗುಣ ಮಾಡಿದ್ದು ಸೊಪ್ಪೋ ಒಣಗಿಸಿದ್ದೋ ಅಂತ ತಿಳಿಯಬೇಕಾದರೆ ಗೋರಂಟಿ ಇಲ್ಲದೆ ತೊಳೆದು ಒರೆಸಿಕೊಂಡ ಇನ್ನೊಂದು ಗುಂಪು ಬೇಕು. ಅಷ್ಟೇ ವ್ಯತ್ಯಾಸ.

ಬ್ರಿಸ್ಬೇನ್_ಭಟ್ಟ

ಟೀ ಟ್ರೀ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿನದೇ ಗಿಡ. ನ್ಯೂ ಸೌತ್ ವೇಲ್ಸ್‌ನ ಉತ್ತರದ ಜೌಗು ಪ್ರದೇಶದ ಮರ, ನಾವಿರುವ ಕಡೆಯಿಂದ ಕಾರಲ್ಲಿ ಹೋಗಿಬರಬಹುದು. ಹೆಸರು ಮೆಲಲ್ಯೂಕ ಆಲ್ಟರ್ನಿಫೋಲಿಯ. ನಮ್ಮ ಚಹಾ ಗಿಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಇದರ ಮೇಲೆ ಸರಿಯಾದ ಪರೀಕ್ಷೆ ಆಗಿದೆ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಲ್ಬೆರಳ ಸಂದಿಯ ಫಂಗಸ್ ಇದ್ದ 158 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ 25% ಎಣ್ಣೆ, ಒಂದಕ್ಕೆ 50%, ಇನ್ನೊಂದಕ್ಕೆ ಎಣ್ಣೆಯೇ ಇಲ್ಲದ ದ್ರವ ಕೊಟ್ಟರು. ದಿನಕ್ಕೆ ಎರಡು ಸಲ, ನಾಲ್ಕು ವಾರ. ಯಾರಿಗೆ ಯಾವುದು ಅಂತ ಗೊತ್ತಿರಲಿಲ್ಲ. ಕೊನೆಗೆ ಚರ್ಮ ಕೆರೆದು ನೋಡಿದಾಗ 50% ಗುಂಪಿನಲ್ಲಿ 64% ಜನರಲ್ಲಿ ಫಂಗಸ್ ಇರಲಿಲ್ಲ. ಸುಳ್ಳು ಔಷಧಿಯ ಗುಂಪಿನಲ್ಲಿ 31%. ಇದು ಯಾರೋ ಯೂಟ್ಯೂಬರ್ ಹೇಳಿದ್ದಲ್ಲ. ಹಾಗಾಗಿ ಕಾಲಿಗಾದರೆ ನಾನು ಟೀ ಟ್ರೀ ಕಡೆ.

ಪೆಟ್ರಿಡಿಶ್

ಭಟ್ರೇ, ಒಪ್ಪಿದೆ. ಆದರೆ ಆ 31% ಕಡೆ ಒಂದು ನಿಮಿಷ ನೋಡಿ. ಔಷಧಿಯೇ ಇಲ್ಲದೆ, ದಿನಾ ಕಾಲು ತೊಳೆದು ಏನೋ ಒಂದು ಹಚ್ಚಿಕೊಂಡವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಫಂಗಸ್ ಹೋಯಿತು! ಯೂಟ್ಯೂಬಿನಲ್ಲಿ "ನನಗೆ ಕೆಲಸ ಮಾಡಿತು" ಅನ್ನುವ ಕಾಮೆಂಟ್‌ಗಳೆಲ್ಲ ಎಲ್ಲಿಂದ ಬರುತ್ತವೆ ಅಂತ ಈಗ ಗೊತ್ತಾಯಿತಲ್ಲ.

ಇದೇ ಎಣ್ಣೆಯ ಇನ್ನೊಂದು ಪರೀಕ್ಷೆ 1992ರದು, 104 ಜನ. ಅಲ್ಲಿ ಬಳಸಿದ್ದು 10% ಕ್ರೀಮ್. ತುರಿಕೆ, ಉರಿ, ಹೊಟ್ಟು ಕಡಿಮೆಯಾಯಿತು. ಆದರೆ ಫಂಗಸ್ ಹೋದದ್ದು 30% ಜನರಲ್ಲಿ ಮಾತ್ರ. ಸುಳ್ಳು ಔಷಧಿಯಲ್ಲಿ 21%. ಹೋಲಿಕೆಗೆ ಇಟ್ಟಿದ್ದ ಟಾಲ್ನಾಫ್ಟೇಟ್ ಅನ್ನುವ ಹಳೆ, ಅಗ್ಗದ ಔಷಧಿಯಲ್ಲಿ 85%. ನನಗೆ ಈ ಪರೀಕ್ಷೆಯೇ ಹೆಚ್ಚು ಮುಖ್ಯ ಅನಿಸುತ್ತೆ. ತುರಿಕೆ ನಿಂತಿತು ಅಂದ ತಕ್ಷಣ ಫಂಗಸ್ ಹೋಯಿತು ಅಂತಲ್ಲ. ಎಣ್ಣೆ ಉರಿಯೂತ ತಗ್ಗಿಸುತ್ತೆ, ನಿಮಗೆ ಹಾಯ್ ಅನಿಸುತ್ತೆ, ಹಚ್ಚುವುದು ನಿಲ್ಲಿಸುತ್ತೀರಿ, ಅದು ಒಳಗೇ ಕೂತಿರುತ್ತೆ.

ಅಂಗಡಿಯಲ್ಲಿ ಸಿಗುವ ಬಹುತೇಕ ಟೀ ಟ್ರೀ ಕ್ರೀಮು, ಸೋಪುಗಳಲ್ಲಿ ಎಣ್ಣೆ 25% ಇರಲಿ, 10% ಕೂಡ ಇರುವುದಿಲ್ಲ. 50% ಅಂದರೆ ಅರ್ಧಕ್ಕರ್ಧ ಎಣ್ಣೆ. 2002ರ ಪರೀಕ್ಷೆಯಲ್ಲೇ ಎಣ್ಣೆ ಹಚ್ಚಿಕೊಂಡವರಲ್ಲಿ ನಾಲ್ವರಿಗೆ ಚರ್ಮ ಕೆಂಪಾಗಿ ಉರಿ ಬಂದು ತೊಂದರೆ ಆಗಿತ್ತು. ಅದು ಕಾಲಿನ ಗಟ್ಟಿ ಚರ್ಮ. ನಮ್ಮ ಗೆಳೆಯ ಕೇಳುತ್ತಿರುವುದು ತೊಡೆಸಂದಿಗೆ!

ಬ್ರಿಸ್ಬೇನ್_ಭಟ್ಟ

ತೊಡೆಸಂದಿಗೆ ನಾನೂ ಹೇಳಲ್ಲ ಮಾರಾಯ್ರೆ. ಇನ್ನೊಂದು ಮಾತು, ಬಾಟಲಿ ತೆಗೆದು ಗಾಳಿ ಬೆಳಕಿಗೆ ಇಟ್ಟ ಹಳೆ ಎಣ್ಣೆ ಆಕ್ಸಿಡೈಜ್ ಆಗುತ್ತೆ, ಅಲರ್ಜಿ ಮಾಡುವುದು ಹೆಚ್ಚಾಗಿ ಅದೇ. ಕುಡಿಯುವುದಂತೂ ಬೇಡವೇ ಬೇಡ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಒಗ್ಗರಣೆ

ಬೆಳ್ಳುಳ್ಳಿ ಬಗ್ಗೆ ಯಾರೂ ಮಾತಾಡುತ್ತಿಲ್ಲ ಯಾಕೆ? ನಮ್ಮ ಮನೆಯಲ್ಲಿ ಒಂದು ಎಸಳು ಜಜ್ಜಿ ಉಜ್ಜಿದರೆ ಮುಗೀತು.

ಪೆಟ್ರಿಡಿಶ್

ಬೆಳ್ಳುಳ್ಳಿಯ ಕಥೆ ಈ ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದದ್ದು. ಬೆಳ್ಳುಳ್ಳಿ ಜಜ್ಜಿದಾಗ ಆಲಿಸಿನ್ ಹುಟ್ಟುತ್ತೆ, ಅದು ಎಣ್ಣೆಯಲ್ಲಿ ನೆನೆದಾಗ ಬದಲಾಗಿ ಅಜೋಯೀನ್ ಅನ್ನುವ ವಸ್ತುವಾಗುತ್ತೆ. ಇದನ್ನು ವೆನಿಜುವೆಲಾದ ಸಂಶೋಧಕರು ಕ್ರೀಮ್ ಮಾಡಿ ಅಲ್ಲಿನ ಸೈನಿಕರ ಮೇಲೆ ಪರೀಕ್ಷಿಸಿದರು. ದಿನವಿಡೀ ಬೂಟು ಹಾಕಿಕೊಂಡಿರುವವರು, ಕಾಲಿನ ಫಂಗಸ್‌ಗೆ ಹೇಳಿ ಮಾಡಿಸಿದ ಜನ. 1996ರಲ್ಲಿ 34 ಜನರಿಗೆ 0.4% ಕ್ರೀಮ್ ಕೊಟ್ಟಾಗ ಒಂದೇ ವಾರದಲ್ಲಿ 27 ಜನರಿಗೆ ಗುಣ. ಉಳಿದ ಏಳು ಜನರಿಗೆ ಇನ್ನೊಂದು ವಾರ ಹಚ್ಚಿದಾಗ ಗುಣ. ಅದರಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಹಾಗಾಗಿ 2000ದಲ್ಲಿ 47 ಸೈನಿಕರ ಮೇಲೆ ಟರ್ಬಿನಾಫಿನ್ ಅನ್ನುವ ಫಂಗಸ್ ಔಷಧಿಯ ಜೊತೆಗೇ ಹೋಲಿಸಿದರು. ಎರಡು ತಿಂಗಳ ನಂತರ ನೋಡಿದಾಗ 1% ಅಜೋಯೀನ್ ಹಚ್ಚಿದವರೆಲ್ಲ ಗುಣ, ಟರ್ಬಿನಾಫಿನ್‌ನಲ್ಲಿ 94%.

ಇಷ್ಟು ಚೆನ್ನಾಗಿದ್ದರೆ ಮತ್ತೆ ಯಾಕೆ ಅಂಗಡಿಯಲ್ಲಿ ಇಲ್ಲ ಅಂತ ಕೇಳಬಹುದು. 47 ಜನ ಅಂದರೆ ಬಹಳ ಸಣ್ಣ ಪರೀಕ್ಷೆ, ಎಲ್ಲರೂ ಯುವಕರು, ಒಂದೇ ತಂಡ ಮಾಡಿದ್ದು. ಬೇರೆ ದೇಶದಲ್ಲಿ ಬೇರೆಯವರು ದೊಡ್ಡದಾಗಿ ಮಾಡಬೇಕಿತ್ತು.

ಒಗ್ಗರಣೆ ಅವರೇ, ಆ ಕ್ರೀಮ್ ಬೇರೆ, ನಿಮ್ಮ ಜಜ್ಜಿದ ಎಸಳು ಬೇರೆ. ಹಸಿ ಬೆಳ್ಳುಳ್ಳಿ ಚರ್ಮ ಸುಡುತ್ತೆ. ಉತ್ಪ್ರೇಕ್ಷೆ ಅಲ್ಲ, ಬೆಂಕಿ ತಾಗಿದ ಹಾಗೆ ಬೊಬ್ಬೆ ಬಂದ ಕೇಸುಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟೋ ಇವೆ. ಕಟ್ಟಿ ಬ್ಯಾಂಡೇಜ್ ಹಾಕಿಕೊಂಡರೆ ಇನ್ನೂ ಜಾಸ್ತಿ. ಹೆಣ್ಣುಮಕ್ಕಳ ಬಿಳಿಸೆರಗಿಗೆ ಬೆಳ್ಳುಳ್ಳಿ ಒಳಗೆ ಇಡಿ ಅಂತ ಹೇಳುವ ವಿಡಿಯೋಗಳಿವೆ, ದಯವಿಟ್ಟು ಬೇಡ. ಬೆಳ್ಳುಳ್ಳಿ ಮಾತ್ರೆ ನುಂಗಿದರೆ ಯೋನಿಯಲ್ಲಿನ ಕ್ಯಾಂಡಿಡಾ ಅನ್ನುವ ಯೀಸ್ಟ್ ಕಡಿಮೆಯಾಗುತ್ತಾ ಅಂತ ಮೆಲ್ಬರ್ನ್‌ನಲ್ಲಿ 63 ಹೆಂಗಸರ ಮೇಲೆ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಸುಳ್ಳು ಮಾತ್ರೆಗೂ ಇದಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ನಾಟಿವೈದ್ಯರ_ಮೊಮ್ಮಗಳು

ಎಲ್ಲಾ ಓದಿದೆ. ಒಂದು ಪ್ರಶ್ನೆ ಇದೆ. ಆಸ್ಟ್ರೇಲಿಯಾದ ಎಣ್ಣೆಗೆ ಪರೀಕ್ಷೆ ಇದೆ, ಯಾಕೆಂದರೆ ಅಲ್ಲಿ ಆ ಎಣ್ಣೆ ಮಾರುವ ಉದ್ಯಮ ಇದೆ. ರಸ್ತೆ ಬದಿಯಲ್ಲಿ ಬೆಳೆಯುವ ತಗಚೆಗೆ ಯಾರು ದುಡ್ಡು ಹಾಕುತ್ತಾರೆ? ಪೇಟೆಂಟ್ ಸಿಗಲ್ಲ, ಲಾಭ ಇಲ್ಲ. ಪರೀಕ್ಷೆಯನ್ನೇ ಮಾಡದೆ "ಪುರಾವೆ ಇಲ್ಲ" ಅಂದರೆ, ಕೇಳಿದವರಿಗೆ "ಕೆಲಸ ಮಾಡಲ್ಲ" ಅಂತ ಕೇಳಿಸುತ್ತೆ. ನಮ್ಮ ಅಜ್ಜ ತಗಚೆ ಬೀಜವನ್ನು ಹುಳಿ ಮಜ್ಜಿಗೆಯಲ್ಲಿ ನೆನೆಸಿ ಅರೆದು ಕೊಡುತ್ತಿದ್ದರು, ಸೊಪ್ಪಲ್ಲ, ಬೀಜ. ಹಚ್ಚಿದ ಕಡೆ ಕಪ್ಪಾಗುತ್ತೆ, ಸ್ವಲ್ಪ ಉರಿಯುತ್ತೆ, ಹೆದರಬೇಡಿ ಅಂತ ಮೊದಲೇ ಹೇಳುತ್ತಿದ್ದರು. ಸುಮ್ನೆ ಬಾಯಿಗೆ ಬಂದದ್ದು ಹೇಳುವವರಿಗೆ ಇಷ್ಟು ವಿವರ ಎಲ್ಲಿಂದ ಬರುತ್ತೆ?

ಪೆಟ್ರಿಡಿಶ್

ಮೇಡಂ, ಈ ಎಳೆಯಲ್ಲೇ ಒಳ್ಳೆಯ ಪ್ರಶ್ನೆ ಇದು. ದುಡ್ಡಿನ ಮಾತು ನೂರಕ್ಕೆ ನೂರು ನಿಜ.

ನಿಮ್ಮ ಅಜ್ಜನ ಬೀಜದಲ್ಲಿ ವಿಷಯ ಇದೆ. 1975ರಲ್ಲೇ ತಗಚೆ ಬೀಜದಿಂದ ಫಂಗಸ್ ತಡೆಯುವ ಮುಖ್ಯ ವಸ್ತುವನ್ನು ಬೇರ್ಪಡಿಸಿದ್ದಾರೆ, ಕ್ರೈಸೋಫ್ಯಾನಿಕ್ ಆ್ಯಸಿಡ್ ಆ್ಯಂಥ್ರೋನ್ ಅಂತ. ಈಗ ಇದನ್ನು ಕೇಳಿ. 19ನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಗೋವಾ ಪುಡಿ ಅಂತ ಒಂದು ಹಳದಿ ಪುಡಿ ಹುಳುಕಡ್ಡಿಗೆ ಹೆಸರುವಾಸಿಯಾಗಿತ್ತು. ಅದು ಗೋವಾದ್ದಲ್ಲ, ಬ್ರೆಜಿಲಿನ ಅರರೋಬಾ ಮರದ ಕಾಂಡದೊಳಗೆ ಸಿಗುವ ಪುಡಿ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದನ್ನು ಶುದ್ಧ ಮಾಡಿದಾಗ ಸಿಕ್ಕಿದ್ದು ಕ್ರೈಸರೋಬಿನ್. ಅದರಲ್ಲಿರುವ ಮುಖ್ಯ ವಸ್ತು ನಿಮ್ಮ ಅಜ್ಜನ ಬೀಜದಲ್ಲಿರುವುದೇ! ಚರ್ಮ ಕಪ್ಪಾಗುವುದು, ಉರಿಯುವುದು, ಎರಡೂ ಅದರ ಗುಣ. ಅದೇ ಪುಡಿ ಸೋರಿಯಾಸಿಸ್‌ಗೆ ಕೆಲಸ ಮಾಡುತ್ತೆ ಅಂತ ಆಮೇಲೆ ಗೊತ್ತಾಯಿತು. 1916ರಲ್ಲಿ ಜರ್ಮನಿಯಲ್ಲಿ ಅದರದೇ ಹತ್ತಿರದ ನಂಟ ಡೈಥ್ರನಾಲ್ ತಯಾರಾಯಿತು, ಇವತ್ತಿಗೂ ಸೋರಿಯಾಸಿಸ್ ಔಷಧಿಗಳ ಪಟ್ಟಿಯಲ್ಲಿದೆ.

ಅಂದರೆ ಗಿಡದಲ್ಲಿ ಔಷಧಿ ಇದೆ. ಆದರೆ ಹುಳುಕಡ್ಡಿಗೆ ಕ್ರೈಸರೋಬಿನ್ ಬಿಟ್ಟುಹೋದದ್ದು ಉರಿ, ಬಟ್ಟೆಗೆಲ್ಲ ಕಲೆ, ಕಣ್ಣಿಗೆ ತಾಗಿದರೆ ಅಪಾಯ, ಈ ಕಾರಣಕ್ಕೆ. ಅದಕ್ಕಿಂತ ಸೌಮ್ಯವಾದದ್ದು ಸಿಕ್ಕಿತು. ತೊಡೆಸಂದಿಯ ಚರ್ಮ ತೆಳು, ಬೆವರು ಬೇರೆ, ಅದರ ಮೇಲೆ ನಿಂಬೆರಸ. ನಮ್ಮ ಗೆಳೆಯ ರಾತ್ರಿ ಕುಣಿಯಬೇಕಾಗುತ್ತೆ.

ತಗಚೆಯ ನೆಂಟ ಸೀಮೆ ಅಗಸೆಯ ಮೇಲೆ ನಮ್ಮ ದೇಶದಲ್ಲೇ ಕೆಲಸ ಆಗಿದೆ. ಚಿಬ್ಬಿಗೆ ಅದರ ಎಲೆಯ ಸಾರ ಹಚ್ಚಿ 200 ಜನರನ್ನು ಹತ್ತು ವರ್ಷ ನೋಡಿದ ವರದಿ 1994ರಲ್ಲಿ ಬಂತು, ಫಲ ಚೆನ್ನಾಗಿದೆ ಅಂತ ಬರೆದಿದ್ದಾರೆ. ಯಾರಾದರೂ ಇದನ್ನು ಸುಳ್ಳು ಔಷಧಿಯ ಗುಂಪಿಟ್ಟು ದೊಡ್ಡದಾಗಿ ಮಾಡಲಿ ಅಂತ ನನಗೂ ಆಸೆ. ನೆನಪಿಡಿ, ಅದು ಚಿಬ್ಬು, ಮೇಲ್ಪದರದ ಯೀಸ್ಟ್. ಹುಳುಕಡ್ಡಿ ಬೇರೆ ಜಾತಿ.

ನಾಟಿವೈದ್ಯರ_ಮೊಮ್ಮಗಳು

ಸರಿ, ಗೋವಾ ಪುಡಿ ಗೊತ್ತಿರಲಿಲ್ಲ. ಆದರೂ ನಿಮ್ಮ ಮಾತಿನ ಧಾಟಿ "ಗಿಡದಿಂದ ಕಂಪನಿ ತೆಗೆದರೆ ಔಷಧಿ, ಅಜ್ಜ ತೆಗೆದರೆ ನಂಬಿಕೆ" ಅನ್ನುವ ಹಾಗಿದೆ. ಅದನ್ನು ನಾನು ಒಪ್ಪಲ್ಲ.

ಪೆಟ್ರಿಡಿಶ್

ಯಾರು ತೆಗೆದರು ಅನ್ನುವುದಲ್ಲ, ಪ್ರತಿ ಸಲ ಅಷ್ಟೇ ಪ್ರಮಾಣ ಇರುತ್ತಾ ಅನ್ನುವುದು. ಮಳೆಗಾಲದ ಎಳೆ ಸೊಪ್ಪಿನಲ್ಲಿ ಇರುವಷ್ಟೇ ಬೇಸಿಗೆಯ ಬೀಜದಲ್ಲಿ ಇರುತ್ತಾ? ಹರಳೆಣ್ಣೆ ನೋಡಿ. ಅದನ್ನು ಜಾಸ್ತಿ ಬಿಸಿಯಲ್ಲಿ ಒಡೆದರೆ ಅನ್‌ಡಿಸಿಲೆನಿಕ್ ಆ್ಯಸಿಡ್ ಸಿಗುತ್ತೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕಾಲಿಗೆ ಅದರ ಪುಡಿ ಹಾಕುತ್ತಿದ್ದರು. ಕಾಲಿನ ಫಂಗಸ್‌ಗೆ ಹಚ್ಚುವ ಔಷಧಿಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2007ರ ಕಾಕ್ರೇನ್ ವರದಿಯಲ್ಲಿ ಅದೂ ಸುಳ್ಳು ಔಷಧಿಗಿಂತ ಮೇಲು ಅಂತ ಬಂದಿದೆ. ಪಕ್ಕಾ ಗಿಡಮೂಲದ್ದು, ಪಕ್ಕಾ ಪುರಾವೆ. ಹಾಗಂತ ಮನೆಯ ಹರಳೆಣ್ಣೆ ಹಚ್ಚಿದರೆ ಆಗಲ್ಲ, ಅದರಲ್ಲಿ ಆ ವಸ್ತು ಇನ್ನೂ ಹುಟ್ಟಿಲ್ಲ.

ಕೌಂಟರ್_ಹಿಂದಿನವ

ನಾನು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವವನು. ನೀವೆಲ್ಲ ಗಿಡ, ಪರೀಕ್ಷೆ ಅಂತ ಮಾತಾಡುತ್ತಿದ್ದೀರಿ. ಕೌಂಟರ್ ಮುಂದೆ ನಡೆಯುವುದೇ ಬೇರೆ.

ಬರುತ್ತಾರೆ, ಪಕ್ಕದಲ್ಲಿ ಹೆಂಗಸರಿದ್ದರೆ ಅವರು ಹೋಗುವ ತನಕ ಕಾಯುತ್ತಾರೆ, ಆಮೇಲೆ ದನಿ ತಗ್ಗಿಸಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂತಾರೆ. ಕೆಲವರು ಖಾಲಿ ಟ್ಯೂಬನ್ನೇ ಜೇಬಿಂದ ತೆಗೆದು ತೋರಿಸುತ್ತಾರೆ, ಕೊನೆಯ ತೊಟ್ಟೂ ಬಿಡದೆ ಹಿಂಡಿ ಸುರುಳಿ ಸುತ್ತಿದ್ದು. ತಿರುಗಿಸಿ ಹಿಂದೆ ಓದಿದರೆ ಕ್ಲೋಬೆಟಸಾಲ್, ಅದರ ಜೊತೆ ಒಂದು ಆ್ಯಂಟಿಬಯೋಟಿಕ್, ಜೊತೆಗೆ ಒಂದು ಫಂಗಸ್ ಔಷಧಿ. ಕ್ಲೋಬೆಟಸಾಲ್ ಅಂದರೆ ಬಹಳ ಜೋರಾದ ಸ್ಟಿರಾಯ್ಡ್. ಹಚ್ಚಿದರೆ ತುರಿಕೆ ಅಂದೇ ಮಾಯ. ಒಳಗೆ ಫಂಗಸ್‌ಗೆ ಹಬ್ಬ, ಯಾಕೆಂದರೆ ದೇಹದ ಕಾವಲನ್ನೇ ಮಲಗಿಸಿಬಿಟ್ಟಿರುತ್ತೆ. ನಿಲ್ಲಿಸಿದರೆ ದುಪ್ಪಟ್ಟು. ಮತ್ತೆ ಅದೇ ಟ್ಯೂಬ್. ಕೊನೆಗೆ ತೊಡೆಯಲ್ಲಿ ಬಸುರಿಯರ ಹೊಟ್ಟೆಯ ಗೆರೆಗಳ ಹಾಗೆ ಗೆರೆ ಬೀಳುತ್ತೆ, ಅದು ಹೋಗುವುದೇ ಇಲ್ಲ. 2018ರಲ್ಲಿ ಹಚ್ಚುವ ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದರು, ಚೀಟಿ ಇಲ್ಲದೆ ಕೊಡಬಾರದು. ಕೊಡದೆ ಇದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಷ್ಟೇ ಹೇಳುತ್ತೇನೆ.

ಇದನ್ನು ನೋಡಿ ಹೆದರಿದವರು ಗಿಡಮೂಲಿಕೆ ಕ್ರೀಮ್ ಕಡೆ ಹೋಗುತ್ತಾರೆ. ಅಲ್ಲೂ ಜೋಪಾನ. ಹೆಸರಿಲ್ಲದ ಡಬ್ಬಿ, ತಯಾರಿಕೆ ವಿವರ ಇಲ್ಲ, ಎರಡು ದಿನದಲ್ಲಿ ಪವಾಡ ಮಾಡಿತು ಅಂದರೆ ನನಗೆ ಮೊದಲ ಅನುಮಾನವೇ ಒಳಗೆ ಸ್ಟಿರಾಯ್ಡ್ ಬೆರೆಸಿದ್ದಾರೆ ಅಂತ. 2003ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಸುಬಿಗೆ ಬಳಸುತ್ತಿದ್ದ 24 "ಗಿಡಮೂಲಿಕೆ" ಕ್ರೀಮ್‌ಗಳನ್ನು ಪರೀಕ್ಷೆ ಮಾಡಿದಾಗ 20ರಲ್ಲಿ ಸ್ಟಿರಾಯ್ಡ್ ಸಿಕ್ಕಿತ್ತು. ಗಿಡದ ಔಷಧಿ ಅಷ್ಟು ಬೇಗ ಕೆಲಸ ಮಾಡಲ್ಲ ಸ್ವಾಮಿ.

ಬಿಳಿಕೋಟು_ಹೊಸತು

ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಕೌಂಟರ್ ಅಣ್ಣ ಹೇಳಿದ್ದಕ್ಕೆ ಇನ್ನೊಂದು ಸೇರಿಸಬೇಕು.

ಮೇಲೆ ಹೇಳಿದ ಟೀ ಟ್ರೀ, ಬೆಳ್ಳುಳ್ಳಿ ಕ್ರೀಮಿನ ಪರೀಕ್ಷೆಗಳೆಲ್ಲ 1990ರಿಂದ 2002ರ ನಡುವಿನವು. ಆಗಿನ ಫಂಗಸ್ ಬೇರೆ. ನಮ್ಮಲ್ಲಿ ಈಗ ಓಪಿಡಿ ತುಂಬಿರುವುದು ಟ್ರೈಕೋಫೈಟಾನ್ ಇಂಡೋಟಿನಿಯೆ ಅನ್ನುವ ಹುಳುಕಡ್ಡಿ ಫಂಗಸ್. 2020ರಲ್ಲಿ ಜಪಾನಿನ ಸಂಶೋಧಕರು ಒಬ್ಬ ಭಾರತೀಯ, ಒಬ್ಬ ನೇಪಾಳಿ ರೋಗಿಯಿಂದ ಬೇರ್ಪಡಿಸಿ ಹೆಸರಿಟ್ಟದ್ದು. ಟರ್ಬಿನಾಫಿನ್ ಯಾವ ಕಿಣ್ವವನ್ನು ಹಿಡಿದು ಫಂಗಸ್ ಕೊಲ್ಲುತ್ತದೋ, ಆ ಕಿಣ್ವವೇ ಇದರ ಅನೇಕ ತಳಿಗಳಲ್ಲಿ ಬದಲಾಗಿದೆ. ಹಾಗಾಗಿ ಹಿಂದೆ ಎರಡು ವಾರದಲ್ಲಿ ಹೋಗುತ್ತಿದ್ದದ್ದು ಈಗ ತಿಂಗಳುಗಟ್ಟಲೆ. 2023ರಲ್ಲಿ ನ್ಯೂಯಾರ್ಕ್‌ನಿಂದಲೂ ವರದಿಯಾಯಿತು. ಈ ಫಂಗಸ್ ಮೇಲೆ ತಗಚೆಯೋ ಟೀ ಟ್ರೀಯೋ ಕೆಲಸ ಮಾಡುತ್ತೆ ಅಂತ ನಂಬಿ ಕೂರಲು ಹಳೆಯ ಅಂಕಿ ಅಂಶ ಸಾಲದು. ಟರ್ಬಿನಾಫಿನ್‌ಗೇ ಬಗ್ಗದ್ದು.

ಪ್ರಶ್ನೆ ಕೇಳಿದ ಗೆಳೆಯರಿಗೆ: ಮೊದಲು ಕೆಒಎಚ್ ಪರೀಕ್ಷೆ ಮಾಡಿಸಿ. ಉಂಗುರದ ಅಂಚನ್ನು ಮೊಂಡು ಬ್ಲೇಡಿನಿಂದ ಮೆಲ್ಲಗೆ ಕೆರೆದು ಹೊಟ್ಟನ್ನು ಗಾಜಿನ ಮೇಲೆ ಉದುರಿಸುತ್ತೇವೆ, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ, ಚೂರು ಬಿಸಿ, ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚರ್ಮದ ಕೋಶ ಕರಗಿ ಫಂಗಸ್ಸಿನ ಎಳೆ ಕವಲು ಕವಲಾಗಿ ಕಾಣುತ್ತೆ. ನೋವಿಲ್ಲ, ಖರ್ಚೂ ಕಡಿಮೆ. ಇದು ಯಾಕೆ ಮುಖ್ಯ ಅಂದರೆ ಉಂಗುರದ ಹಾಗೆ ಕಾಣುವುದೆಲ್ಲ ಹುಳುಕಡ್ಡಿ ಅಲ್ಲ. ಇಸುಬು, ಸೋರಿಯಾಸಿಸ್, ಕೆಲವು ಸಲ ಕುಷ್ಠದ ಮಚ್ಚೆಯೂ ಹಾಗೆ ಕಾಣಬಹುದು. ಬರುವ ಹಿಂದಿನ ದಿನ ಸೊಪ್ಪು, ಎಣ್ಣೆ ಏನೂ ಹಚ್ಚಬೇಡಿ, ಕೆರೆದದ್ದು ಸರಿಯಾಗಿ ಕಾಣಲ್ಲ. ಏನೇನು ಹಚ್ಚಿದ್ದೀರಿ ಅಂತ ಮುಚ್ಚಿಡದೆ ಹೇಳಿ, ನಾವು ಬೈಯಲ್ಲ. ಸರಿ, ಕೆಲವರು ಬೈತಾರೆ.

ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಟವೆಲ್ ಬೇರೆ ಮಾಡಿ, ಒಳಉಡುಪು ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಕಲೆ ಮಾಯವಾದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಹಚ್ಚಿ.

ಒಗ್ಗರಣೆ

ಅರಿಶಿನಕ್ಕೆ ಏನೂ ಇಲ್ವಾ? ಅದು ಪೂರ್ತಿ ಫೇಲಾ?

ಪೆಟ್ರಿಡಿಶ್

ಹುಳುಕಡ್ಡಿಗೆ ಮನುಷ್ಯರ ಮೇಲೆ ಸರಿಯಾಗಿ ನಡೆದ ದೊಡ್ಡ ಪರೀಕ್ಷೆ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ, ಬೇವಿಗೂ ಅಷ್ಟೇ. ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಎಲ್ಲರನ್ನೂ ಏಮಾರಿಸುವ ವಸ್ತು, ಪರೀಕ್ಷೆಯ ವಿಧಾನಕ್ಕೇ ಅಡ್ಡ ಬಂದು ಕೆಲಸ ಮಾಡಿದ ಹಾಗೆ ತೋರಿಸುತ್ತೆ. 2017ರಲ್ಲಿ ಔಷಧ ರಸಾಯನಶಾಸ್ತ್ರದ ದೊಡ್ಡ ಪತ್ರಿಕೆಯೊಂದರಲ್ಲಿ ಇದರ ಬಗ್ಗೆ ದೀರ್ಘ ಲೇಖನವೇ ಬಂತು. ನೀರಲ್ಲಿ ಕರಗಲ್ಲ, ಬೆಳಕಿಗೆ ಕೆಡುತ್ತೆ. ಸಾರಿಗೆ ಹಾಕಿ, ಚೆನ್ನಾಗಿರುತ್ತೆ.

ಉಗುರಿನ ಫಂಗಸ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. 1994ರಲ್ಲಿ 117 ಜನರಲ್ಲಿ ಶುದ್ಧ ಟೀ ಟ್ರೀ ಎಣ್ಣೆಯನ್ನು ಕ್ಲೋಟ್ರಿಮಜೋಲ್ ಅನ್ನುವ ಫಂಗಸ್ ಔಷಧಿಯ ಜೊತೆ ಆರು ತಿಂಗಳು ಹೋಲಿಸಿದರು. ಫಂಗಸ್ ಹೋದದ್ದು ಎಣ್ಣೆಯಲ್ಲಿ 18%, ಕ್ಲೋಟ್ರಿಮಜೋಲ್‌ನಲ್ಲಿ 11%. ಎಣ್ಣೆ ಮಾರುವವರು ಇದನ್ನು "ಔಷಧಿಗೆ ಸಮ" ಅಂತ ಹಾಕಿಕೊಳ್ಳುತ್ತಾರೆ. ಎರಡೂ ಸೋತವು ಅಂತ ಓದಬೇಕು.

ಗೋರಂಟಿ

2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ನಮ್ಮ ಫ್ಯಾಮಿಲಿ ಗ್ರೂಪಿಗೂ ಒಂದು ಮೆಸೇಜ್ ಬಂದಿತ್ತು. ಪಟಿಕ, ಅರಿಶಿನ, ಸೈಂಧವ ಲವಣ, ಸಾಸಿವೆ ಎಣ್ಣೆ ಕಲಸಿ ಹಚ್ಚಿದರೆ ಗುಣ ಅಂತ. ನಾನು ಗಿಡಮದ್ದು ನಂಬುವವಳೇ, ಆದರೂ ಅದನ್ನು ನೋಡಿ ಸಿಟ್ಟು ಬಂತು. ಅದರ ಔಷಧಿ ಆಂಫೊಟೆರಿಸಿನ್ ಸಿಗದೆ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡುತ್ತಿದ್ದ ಹೊತ್ತು ಅದು. ಕಾಲ್ಬೆರಳ ಸಂದಿಗೆ ಗೋರಂಟಿ ಬೇರೆ, ಕಣ್ಣು ಮೂಗು ತಿನ್ನುವ ರೋಗಕ್ಕೆ ಪಟಿಕ ಬೇರೆ.

ಬಿಳಿಕೋಟು_ಹೊಸತು

ಅಕ್ಕ, ಇದನ್ನು ನಾನು ಹೇಳಬೇಕು ಅಂತಿದ್ದೆ. ಸಕ್ಕರೆ ಕಾಯಿಲೆ ಇರುವವರು, ಕಸಿ ಮಾಡಿಸಿಕೊಂಡವರು, ಕೀಮೋ ತೆಗೆದುಕೊಳ್ಳುವವರು ಚರ್ಮದ ಫಂಗಸ್‌ಗೂ ಮನೆಮದ್ದು ಮಾಡುತ್ತಾ ಕೂರಬಾರದು. ಮಕ್ಕಳ ತಲೆಯಲ್ಲಿ ಕೂದಲು ಉದುರಿ ಬಿಲ್ಲೆ ಬಿಲ್ಲೆ ಆಗಿದ್ದರೂ ಅಷ್ಟೇ. ಅದು ಕೂದಲ ಬುಡದೊಳಗೆ ಹೋಗಿರುತ್ತೆ, ಮೇಲೆ ಏನು ಹಚ್ಚಿದರೂ ತಲುಪಲ್ಲ, ಮಾತ್ರೆಯೋ ಸಿರಪ್ಪೋ ಬೇಕೇ ಬೇಕು.

ಬೋಳುತಲೆ_ಆಗುವಮುನ್ನ

ನನ್ನದು ಚಿಕ್ಕ ಪ್ರಶ್ನೆ. ತಲೆಹೊಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕಾ ಬೇಡವಾ? ಅಮ್ಮ ಹಚ್ಚು ಅಂತಾರೆ, ಇಂಟರ್ನೆಟ್ ಬೇಡ ಅನ್ನುತ್ತೆ.

ಪೆಟ್ರಿಡಿಶ್

ತಲೆಹೊಟ್ಟಿನ ಹಿಂದೆ ಇರುವುದು ಮಲಸೀಜಿಯಾ ಅನ್ನುವ ಯೀಸ್ಟ್. ಅದಕ್ಕೆ ತಾನೇ ಕೊಬ್ಬಿನಾಮ್ಲ ತಯಾರಿಸಲು ಬರಲ್ಲ, ನಮ್ಮ ತಲೆಯ ಜಿಡ್ಡನ್ನೇ ತಿಂದು ಬದುಕುತ್ತೆ. ಎಣ್ಣೆ ಸುರಿದರೆ ಊಟ ಬಡಿಸಿದ ಹಾಗೆ ಅನ್ನುವುದು ಬೇಡ ಅನ್ನುವವರ ವಾದ. ಇನ್ನೊಂದು ಕಡೆ, ಭೋಪಾಲದ ಐಸರ್ ವಿಜ್ಞಾನ ಸಂಸ್ಥೆಯವರು ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 140 ಹೆಂಗಸರ ನೆತ್ತಿ ನೋಡಿ, ಕೊಬ್ಬರಿ ಎಣ್ಣೆಯಿಂದ ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳು ಹೆಚ್ಚಾದವು ಅಂತ ಹೇಳಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಹಚ್ಚಿ ಒಂದು ಗಂಟೆಯಲ್ಲಿ ತೊಳೆದರೆ ಅಮ್ಮನೂ ಖುಷಿ. ಕೆಂಪಾಗಿ, ಅಂಟು ಅಂಟಾಗಿ, ಹುಬ್ಬಿಗೂ ಬಂದಿದ್ದರೆ ಎಣ್ಣೆ ಬೇಡ.

ಗಿಡಮೂಲದ್ದೇ ಬೇಕಾದರೆ ತಲೆಹೊಟ್ಟಿನಲ್ಲಿ ಟೀ ಟ್ರೀ ಪರವಾಗಿಲ್ಲ. 126 ಜನ, 5% ಶಾಂಪೂ, ನಾಲ್ಕು ವಾರ, 41% ಸುಧಾರಣೆ. ಎಣ್ಣೆ ಇಲ್ಲದ ಶಾಂಪೂವಿನಲ್ಲಿ 11%.

ಬೋಳುತಲೆ_ಆಗುವಮುನ್ನ

ಸೂಪರ್. ಹಾಗಾದರೆ ಮಾಲ್‌ನಲ್ಲಿ ಸಿಗುವ ಯಾವ ಟೀ ಟ್ರೀ ಶಾಂಪೂ ಆದರೂ ಆಗುತ್ತಲ್ವಾ?

ಕೌಂಟರ್_ಹಿಂದಿನವ

ಆಗಲ್ಲ. ಬಾಟಲಿ ತಿರುಗಿಸಿ ಪ್ರಮಾಣ ಬರೆದಿದೆಯಾ ನೋಡಿ. ಮುಂದೆ ಎಲೆಯ ಚಿತ್ರ ದೊಡ್ಡದಾಗಿ, ಹಿಂದೆ ಪಟ್ಟಿಯಲ್ಲಿ ಟೀ ಟ್ರೀ ಎಣ್ಣೆ ಸುವಾಸನೆಯ ಪಕ್ಕ ಕೊನೆಯಲ್ಲಿ ಇದ್ದರೆ ಅದು ಬರೀ ವಾಸನೆಗೆ. 5% ಅಂತ ಬರೆದದ್ದು ಸಿಕ್ಕರೆ ತಗೊಳ್ಳಿ, ಹಚ್ಚಿ ತಕ್ಷಣ ತೊಳೆಯಬೇಡಿ, ಮೂರು ನಿಮಿಷ ಬಿಡಿ, ಪರೀಕ್ಷೆಯಲ್ಲೂ ಹಾಗೇ ಮಾಡಿದ್ದು. ಸಿಗದಿದ್ದರೆ 2% ಕೀಟೋಕೊನಜೋಲ್ ಶಾಂಪೂ ಇದೆ, ವಾರಕ್ಕೆ ಎರಡು ಸಲ, ಅದನ್ನೂ ನಾಲ್ಕೈದು ನಿಮಿಷ ಬಿಟ್ಟು ತೊಳೆಯಿರಿ. ಮತ್ತೆ ಅದೇ ಬಾಟಲಿಯ ನೊರೆಯನ್ನು ಬೆನ್ನಿನ ಚಿಬ್ಬಿಗೂ ಹಚ್ಚಬಹುದು, ಡಾಕ್ಟರುಗಳೂ ಬರೆದುಕೊಡುತ್ತಾರೆ.